ಬಲೆ ಎತ್ತಿ ಮತ್ತೆ ಮುಚ್ಚುವ ಮೊಲ

ಸಾಗರ

ನಾನು ಬೂಷ್ಟು ಓದಲಿಕ್ಕೆ ವಿಮಾನ ಹತ್ತುತ್ತೇನೆಂಬ ಸುದ್ದಿ ಸಾಗರದ ಪೇಟೆಯಲ್ಲಿ ಹರಡಿದಾಗ ಯಾರೂ ಹೆಮ್ಮೆ ಪಡಲಿಲ್ಲ, ಮರುಗಿದರು. ಸೋದರಮಾವ ಸಾವಿನ ಮನೆಗೆ ಬಂದವನ ಹಾಗೆ ನನ್ನ ಬೆನ್ನು ಸವರಿ, ಎಲೆಯಡಿಕೆ ಕವಳ ಹಾಕಿಕೊಂಡು ಹೊರಟುಹೋದ. ಆಯಿಯದು ಮಾತ್ರ ನೇರ ಪ್ರಶ್ನೆ.

“ತಮಾ, ನಮ್ಮನೆ ಉಪ್ಪಿನಕಾಯಿ ಭರಣಿಲಿ ಬೇಕಾದಷ್ಟು ಬೂಷ್ಟು ಇದ್ದು. ಅದಕ್ಕೆ ಅಷ್ಟು ದೂರ ಎಂತಕ್ಕೆ ಹೋಗವು?”

ನಾನು ಗಂಟಲು ಸರಿಮಾಡಿಕೊಂಡು ವಿವರಿಸಿದೆ. ವೇಲ್ಸ್ ಎಂಬ ಕಡೆ ಹಳೇ ಸೀಸದ ಗಣಿಗಳಿವೆ. ಅವುಗಳ ಕಸ ಹಳ್ಳದ ನೀರಿನಲ್ಲಿ ಕೊಚ್ಚಿಬಂದು ಗದ್ದೆ ಹಿತ್ತಲುಗಳಲ್ಲಿ ಕೂತಿದೆ. ಸೀಸ, ಸತು ತುಂಬಿದ ಆ ಮಣ್ಣಿನಲ್ಲಿ ಏನೂ ಏಳುವುದಿಲ್ಲ. ಆದರೆ ಬೇರಿಗೆ ಅಂಟಿಕೊಂಡು ಬದುಕುವ ಒಂದು ಬಗೆಯ ಶಿಲೀಂಧ್ರ ಜೊತೆಗಿದ್ದರೆ ಕೆಲವು ಹುಲ್ಲು ಅಲ್ಲೂ ಬದುಕುತ್ತವೆ, ವಿಷವನ್ನು ಬುಡದಲ್ಲೇ ಹಿಡಿದಿಟ್ಟುಕೊಂಡು ಹಳ್ಳಕ್ಕೆ ಹೋಗಗೊಡುವುದಿಲ್ಲ. ಅದನ್ನು ಕಲಿಯಲಿಕ್ಕೆ ನನಗೆ ಆರು ತಿಂಗಳ ಅವಕಾಶ ಸಿಕ್ಕಿದೆ.

ಆಯಿ ಪೂರ್ತಿ ಕೇಳಿಸಿಕೊಂಡಳು. “ಅಂದ್ರೆ ಹುಲ್ಲು ಬೆಳೆಸಲೆ ಹೋಗ್ತೆ ಹೇಳು” ಅಂದಳು. ಇಡೀ ವಿಷಯವನ್ನು ಇದಕ್ಕಿಂತ ಚೆನ್ನಾಗಿ ಇವತ್ತಿಗೂ ನನಗೆ ಹೇಳಲಾಗಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಕೊನೆಯ ಉಪದೇಶವೂ ಅವಳದೇ. “ಅಲ್ಲಿ ಊಟಕ್ಕೆ ಎಂತ ಸಿಗ್ತೋ ಇಲ್ಯೋ. ಹಸಿರು ಸೊಪ್ಪು ಎಲ್ಲೇ ಕಾಣ್ಲಿ, ಬಿಡಡ. ಒಂದು ತಂಬುಳಿ ಮಾಡ್ಕ್ಯ.”

ನಾನು ಹುಟ್ಟಿದಾಗಿನಿಂದ ತಾಯಿಯ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದು ಅದೊಂದೇ. ಈ ಕಥೆಯೆಲ್ಲ ಆ ವಿಧೇಯತೆಯ ಫಲ.

ಲಂಡನ್

ವಿಮಾನ ನಿಲ್ದಾಣದ ಸುಂಕದ ಅಧಿಕಾರಿ ನನ್ನ ಚೀಲ ತೆರೆದಾಗ ಮೊದಲು ಕಂಡದ್ದು ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ. ಬಾಯಿಗೆ ಕಟ್ಟಿದ ಬಟ್ಟೆ ಒದ್ದೆಯಾಗಿ ಕೆಂಪು ರಸ ನನ್ನ ಬನೀನುಗಳಿಗೆಲ್ಲ ಹಬ್ಬಿತ್ತು. ಯಾರನ್ನೋ ಕಡಿದು ಬಟ್ಟೆಯಲ್ಲಿ ಸುತ್ತಿ ತಂದ ಹಾಗೆ ಕಾಣುತ್ತಿತ್ತು. ಆತ ಬಗ್ಗಿ ಮೂಸಿದ. ಜೀರಿಗೆ ಮಿಡಿಯ ಘಾಟು ಏರಿದ್ದೇ ಕಣ್ಣಲ್ಲಿ ನೀರು ತುಂಬಿಕೊಂಡು “ಇದು ಯಾತಕ್ಕೆ?” ಅಂದ.

“ಊಟಕ್ಕೆ” ಅಂದೆ.

ಆತ ನನ್ನನ್ನು ಕರುಣೆಯಿಂದ ನೋಡಿ ಬಿಟ್ಟುಬಿಟ್ಟ. ಆ ದೇಶದಲ್ಲಿ ನನಗೆ ಸಿಕ್ಕಿದ ಮೊದಲ ಗೌರವ ಅದು.

ಪ್ಯೂ ಅಜ್ಜನ ಮನೆ

ಊರಿನ ಹೆಸರು ಬೇಡ. ಬರೆದರೆ ನೀವು ಓದಲಾರಿರಿ, ಓದಿದರೆ ನಾಲಿಗೆ ಬಿಡಿಸಲಿಕ್ಕೆ ಜನ ಕರೆಯಬೇಕಾದೀತು. ಒಂದೇ ಅಚ್ಚಿನ ಮನೆಗಳು, ಸಾಲಾಗಿ, ನಮ್ಮ ಕಾರ್ಗಲ್ಲಿನ ಕಾಲೋನಿಯ ಹಾಗೆ. ಮಳೆಯೂ ನಮ್ಮಲ್ಲಿಯಷ್ಟೇ ಹಟಮಾರಿ. ಆದರೆ ನಮ್ಮ ಮಳೆ ಜಗಳ ತೆಗೆದುಕೊಂಡು ಬರುತ್ತದೆ, ಅವರದು ಕ್ಷಮೆ ಕೇಳಿಕೊಂಡು ಬರುತ್ತದೆ. ಬಸ್ಸಿನಿಂದ ಇಳಿಯುವಾಗ ಪ್ರತಿಯೊಬ್ಬನೂ ಡ್ರೈವರನಿಗೆ ಧನ್ಯವಾದ ಹೇಳುತ್ತಾನೆ. ಹುಂಚದ ಬಸ್ಸಿನಲ್ಲಿ ನಾವು ಇಳಿಯುವಾಗ ಡ್ರೈವರನಿಗೆ ಏನು ಹೇಳುತ್ತೇವೆಂದು ಇಲ್ಲಿ ಬರೆಯುವ ಹಾಗಿಲ್ಲ.

ನನಗೆ ಕೋಣೆ ಕೊಟ್ಟವನು ಪ್ಯೂ ಅಂತ ಒಬ್ಬ ಮುದುಕ. ಬಸ್ಸು ಓಡಿಸಿ ನಿವೃತ್ತನಾದವನು, ಹೆಂಡತಿ ತೀರಿಹೋಗಿದ್ದಳು, ಒಬ್ಬನೇ ಇದ್ದ. ನಾನು ಮೊದಲ ದಿನವೇ ಮನಸ್ಸಿನಲ್ಲಿ ಅವನನ್ನು ಅಜ್ಜ ಮಾಡಿಕೊಂಡೆ. ಅವನು ಆಡುತ್ತಿದ್ದದ್ದು ಇಂಗ್ಲಿಷು, ನನಗೆ ಅದು ನಮ್ಮ ಕಡೆಯ ಮಾತಾಗಿಯೇ ಕೇಳುತ್ತಿತ್ತು. ಹಾಗೇ ಬರೆಯುತ್ತೇನೆ.

ಮೊದಲ ಆಘಾತ ಬಚ್ಚಲಿನದು. ಬಚ್ಚಲುಮನೆ ಮಹಡಿಯ ಮೇಲೆ, ನೆಲಕ್ಕೆ ಹಲಗೆ, ಮತ್ತು ಸ್ನಾನದ ತೊಟ್ಟಿಯೇ ಇಲ್ಲ. ತೊಟ್ಟಿ ಇದ್ದ ಜಾಗದಲ್ಲಿ ಅದರ ನಾಲ್ಕು ಕಾಲಿನ ಗುರುತು ಮಾತ್ರ ಇತ್ತು. “ತೊಟ್ಟಿ ಎಲ್ಲಿ?” ಅಂದರೆ ಅಜ್ಜ ಕಿಟಕಿಯಿಂದ ಹಿತ್ತಲು ತೋರಿಸಿದ. ಬಿಳೀ ತೊಟ್ಟಿ ಅಂಗಳದ ನಡುವೆ ಕೂತಿತ್ತು, ತುಂಬ ಮಣ್ಣು. ಮಣ್ಣಿನಲ್ಲಿ ಈರುಳ್ಳಿಯ ದೊಡ್ಡಣ್ಣನಂಥ ಗಿಡಗಳು, ಬುಡ ಬೆಳ್ಳಗೆ, ಬಾಳೆಯ ಕಂದಿನ ಹಾಗೆ ದಪ್ಪ.

“ಲೀಕು” ಅಂದ ಅಜ್ಜ. “ಅಪ್ಪನ ಕಾಲದ ಬೀಜ. ಈ ಊರಲ್ಲಿ ಪ್ರತಿ ವರ್ಷ ಲೀಕಿನ ಪಂದ್ಯ ಇರುತ್ತೆ. ಮೊದಲ ಬಹುಮಾನ ನಮ್ಮ ಹಿತ್ತಲಿಗೇ ಬರ್ತಿತ್ತು. ಆಮೇಲೆ ಮಣ್ಣು ಪರೀಕ್ಷೆ ಮಾಡಿದ್ರು. ಸೀಸ ಇದೆ, ಸತು ಇದೆ, ಇಲ್ಲಿ ಬೆಳೆದದ್ದು ತಿನ್ನಬಾರದು ಅಂದ್ರು. ಬೀಜ ಸಾಯಬಾರದಲ್ಲ, ಅದಕ್ಕೆ ಪೇಟೆಯಿಂದ ಮಣ್ಣು ತಂದು ತೊಟ್ಟಿಗೆ ಹಾಕ್ದೆ.”

“ಸ್ನಾನ?”

“ಒದ್ದೆ ಬಟ್ಟೆ ಇದೆ.”

ಹಂಡೆಯ ಬಿಸಿನೀರು ಮೈಮೇಲೆ ಚೆಂಬುಚೆಂಬಾಗಿ ಸುರಿದುಕೊಳ್ಳದವನು ಮನುಷ್ಯನೇ ಅಲ್ಲ ಎಂದು ನಂಬಿದ ಊರಿನವನು ನಾನು. ಮೂರನೆಯ ದಿನ ತಡೆಯಲಾರದೆ ಬಕೆಟ್ಟಿನಲ್ಲಿ ನೀರು ಕಾಯಿಸಿ, ಮೈಗೆ ಎಣ್ಣೆ ಹಚ್ಚಿ, ಹಲಗೆಯ ಮೇಲೆ ಕೂತು ಭರ್ಜರಿಯಾಗಿ ಸ್ನಾನ ಮಾಡಿದೆ. ಕೆಳಗೆ ಅಜ್ಜ ಊಟಕ್ಕೆ ಕೂತಿದ್ದ. ನೀರು ಹಲಗೆಯ ಸಂದಿಯಿಂದ ಇಳಿದು ಸೀದಾ ಅವನ ಆಲೂಗಡ್ಡೆಯ ಮೇಲೆ ಬಿತ್ತು. ಅವನು ಕೂಗಿಕೊಂಡ, ನಾನು ಗಾಬರಿಯಲ್ಲಿ ಟವೆಲ್ ಸುತ್ತಿಕೊಂಡು ಓಡಿದೆ, ಎಣ್ಣೆಗಾಲು ಜಾರಿತು. ಮೆಟ್ಟಿಲುಗಳನ್ನು ನಾನು ಹತ್ತಿದ್ದು ಒಂದೊಂದಾಗಿ, ಇಳಿದದ್ದು ಒಟ್ಟಿಗೆ.

ಗೌಡರು

ಪಟ್ಟಣದ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ನನ್ನ ಕಾಲಿನ ಹೆಬ್ಬೆರಳನ್ನು ಹಿಡಿದು ಎಳೆದಾಗ “ಅಯ್ಯಯ್ಯೋ ಆಯೀ” ಅಂತ ಕಿರುಚಿದೆ. ಡಾಕ್ಟರು ಬೆರಳು ಬಿಟ್ಟರು.

“ಯಾವೂರೋ ನಿಂದು?”

“ಸಾಗರ...”

“ಅದೇ ಅಂದ್ಕಂಡೆ, ಭಟ್ಟನ ಕೂಗು ಇದು. ನಂದು ತೀರ್ಥಹಳ್ಳಿ ಮಾರಾಯಾ!” ಎಂದವರೇ ಸಂತೋಷಕ್ಕೆ ಅದೇ ಬೆರಳನ್ನು ಇನ್ನೊಮ್ಮೆ ಹಿಂಡಿದರು.

ಅವರು ತೀರ್ಥಹಳ್ಳಿ ಕಡೆಯ ಗೌಡರು. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿ, ಗೌಡರು ಬ್ರೆಡ್ಡಿನ ಮೇಲೆ ಬ್ರೆಡ್ಡು ಇಟ್ಟುಕೊಂಡು ತಿಂದು ಬದುಕುತ್ತಿದ್ದರು. ನಾಡಿನಲ್ಲಿದ್ದಾಗ ನಮ್ಮ ಮನೆಗಳ ಊಟವನ್ನು ‘ಹುಲ್ಲು’ ಅಂತ ಹಾಸ್ಯ ಮಾಡುತ್ತಿದ್ದ ಮನುಷ್ಯ ಈಗ ನನ್ನ ಕೈ ಹಿಡಿದುಕೊಂಡು ಕೇಳಿದರು: “ಭಟ್ಟಾ, ನಿಂಗೆ ತಂಬುಳಿ ಮಾಡಕ್ಕೆ ಬರ್ತದೇನೋ?”

“ಬರ್ತದೆ ಗೌಡ್ರೇ. ಸೊಪ್ಪು ಸಿಗಬೇಕಲ್ಲ.”

“ಸೊಪ್ಪು ನೀ ಹುಡ್ಕು. ಕಾಯಿ, ಮೊಸರು, ಮಿಕ್ಸಿ ನಂದು. ಭಾನುವಾರ ಬಾ.”

ಹಿತ್ತಲು

ಈಗ ನನ್ನ ಕೆಲಸದ ಮಾತು. ಅಜ್ಜನ ಹಿತ್ತಲೇ ನಮ್ಮ ಪ್ರಯೋಗದ ಜಾಗ. ಶೆಡ್ಡಿನ ಮುಂದೆ ಹುಲ್ಲಿನ ಮಡಿಗಳು. ಅರ್ಧಕ್ಕೆ ಶಿಲೀಂಧ್ರ ಸೇರಿಸಿದೆ, ಅರ್ಧಕ್ಕೆ ಇಲ್ಲ. ನಾನು ಹುಲ್ಲು ಕಿತ್ತು, ಬೇರು ತೊಳೆದು, ನೀಲಿ ಬಣ್ಣದಲ್ಲಿ ಅದ್ದಿ, ಸೂಕ್ಷ್ಮದರ್ಶಕದಲ್ಲಿ ಬೂಷ್ಟು ಹುಡುಕಬೇಕು. ಇದನ್ನು ವಹಿಸಿಕೊಟ್ಟ ಹೆಲೆನ್ ಮೇಡಂ ನಾನು ಹೋದ ವಾರವೇ ಜರ್ಮನಿಯ ಇಂಥದೇ ಒಂದು ಗಣಿ ನೋಡಲು ಹೊರಟಿದ್ದರು. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಛತ್ರಿ. “ಮುಂದಿನ ಹುಲ್ಲು ನಿನ್ನದು. ಉಳಿದದ್ದು ನನ್ನದು, ಅದರ ಚಿಂತೆ ನಿನಗೆ ಬೇಡ” ಅಂದು ಟ್ಯಾಕ್ಸಿ ಹತ್ತಿದರು. ಉಳಿದದ್ದು ಅಂದರೆ ಯಾವುದು ಅಂತ ನಾನು ಕೇಳಲಿಲ್ಲ. ಚಿಂತೆ ಬೇಡ ಅಂದಮೇಲೆ ಬೇಡ.

ಚಿಂತೆಯೆಲ್ಲ ಅಜ್ಜನದಾಗಿತ್ತು. “ಆಗಸ್ಟ್ ಕೊನೆಗೆ ಕೌನ್ಸಿಲಿನವನು ಬರ್ತಾನೆ” ಅಂತ ಚಹಾ ಕಲಕುತ್ತ ಹೇಳಿದ. ಕೌನ್ಸಿಲ್ ಅಂದರೆ ಅಲ್ಲಿಯ ಪುರಸಭೆ. “ಗಿಡಗಳು ಕೆಲಸ ಮಾಡ್ತಿವೆ ಅಂತ ತೋರಿಸಿದ್ರೆ ಮಣ್ಣು ಉಳೀತದೆ. ಇಲ್ಲಾಂದ್ರೆ ಲಾರಿ ಬರ್ತದೆ. ಮಣ್ಣು ಹೆರೆದು ತಗೊಂಡು ಹೋಗಿ, ಮೇಲೆ ಸಿಮೆಂಟು.”

“ನೀವು ಸುಮ್ನಿರಿ, ನಾನಿದ್ದೇನಲ್ಲ” ಅಂದೆ. ಈ ಮಾತು ಹೇಳಿದ ಮೇಲೆ ನಾನು ಯಾರಿಗೂ ಒಳ್ಳೆಯದು ಮಾಡಿದ ದಾಖಲೆ ಇಲ್ಲ.

ಶೆಡ್ಡಿನ ಹಿಂದೆ ಗೋಡೆ ಮಗ್ಗುಲಿಗೆ ಒಂದು ಉದ್ದನೆಯ ಪಟ್ಟಿ. ಮಾಡಿನ ನೀರು ಕೊಳವೆಯಿಂದ ಅಲ್ಲೇ ಇಳಿಯುತ್ತಿತ್ತು. ಶನಿವಾರ ಊರುಗೋಲು ಊರಿಕೊಂಡು ಆ ಕಡೆ ಹೋದವನು ನಿಂತೇಬಿಟ್ಟೆ. ಕುಳ್ಳ ಕುಳ್ಳ ಗಿಡ, ನೆಲಕ್ಕೆ ಒತ್ತಿಕೊಂಡ ದುಂಡನೆಯ ದಪ್ಪ ಎಲೆ, ನಡುವೆ ಸಣ್ಣ ಬಿಳಿ ಹೂವು. ಹಸಿರು ಅಂದರೆ ಎಂಥ ಹಸಿರು!

ನಮ್ಮ ಕಡೆ ಬಚ್ಚಲ ಹಿಂದೆ, ಸ್ನಾನದ ನೀರು ಹರಿಯುವಲ್ಲಿ, ಒಂದೆಲಗ ಎದ್ದಿರುತ್ತದೆ. ಅದನ್ನು ಯಾರೂ ನೆಟ್ಟದ್ದಲ್ಲ, ಯಾರೂ ಕೇಳುವುದಿಲ್ಲ. ಅಡುಗೆ ಮಾಡುವವರು ಹೋಗಿ ಚಿವುಟಿ ತರುವುದು. ಪಕ್ಕದ ಮನೆಯವರು ಬಂದು ಕೊಯ್ದರೂ “ತಗಳಿ, ತಗಳಿ” ಅನ್ನುತ್ತೇವೆ. ಬಚ್ಚಲ ಹಿಂದಿನ ಸೊಪ್ಪಿಗೆ ಯಜಮಾನ ಇಲ್ಲ, ಇದು ನಮ್ಮ ಮೂರು ತಾಲ್ಲೂಕಿನ ಕಾನೂನು. ನಾನು ಆ ಕಾನೂನನ್ನು ವೇಲ್ಸಿಗೂ ವಿಸ್ತರಿಸಿದೆ. ತಿನ್ನಬಾರದೆಂಬ ಮಾತು ನೆಟ್ಟು ಬೆಳೆದ ಲೀಕಿಗೆ, ತಾನಾಗಿ ಎದ್ದ ಸೊಪ್ಪಿಗಲ್ಲ ಎಂದು ತೀರ್ಪನ್ನೂ ಕೊಟ್ಟುಕೊಂಡೆ. ಒಂದೆಲೆ ಕಿತ್ತು ಅಗಿದೆ. ಸಾಸಿವೆ ಸೊಪ್ಪಿನ ಹಾಗೆ ಸ್ವಲ್ಪ ಕಾರ, ಸ್ವಲ್ಪ ಕಹಿ. ಆಯಿಯ ಮಾತು ಕಿವಿಯಲ್ಲಿ ಕೇಳಿತು. ಬಿಡಡ.

ಬಿಡಲಿಲ್ಲ.

ಭಾನುವಾರ

ಬಾಡಿಸಿದ ಸೊಪ್ಪು, ಒಣ ಕಾಯಿತುರಿ, ಜೀರಿಗೆ, ಕಾಳುಮೆಣಸು, ಮೊಸರು. ಮೇಲೆ ಒಗ್ಗರಣೆ. ಗೌಡರು ಮೊದಲ ತುತ್ತಿಗೆ ಕಣ್ಣು ಮುಚ್ಚಿದರು. ಎರಡನೆಯ ತುತ್ತಿಗೆ ತುಂಗೆ ನದಿ ದಾಟಿ ಊರಿಗೆ ಹೋದರು. ಮೂರನೆಯ ತುತ್ತಿಗೆ ಸೀದಾ ಪಾತ್ರೆಯನ್ನೇ ಎತ್ತಿಕೊಂಡರು.

“ಭಟ್ಟಾ, ಎಂತ ಸೊಪ್ಪೋ ಇದು?”

“ಇಲ್ಲಿಯ ಒಂದೆಲಗ ಗೌಡ್ರೇ.”

ಊಟದ ಮೇಲೆ ಇಬ್ಬರಿಗೂ ಹೊಟ್ಟೆ ತೊಳಸಿತು. ಗೌಡರಿಗೆ ಒಮ್ಮೆ, ನನಗೆ ಎರಡು ಸಲ ವಾಂತಿ. ಆಗ ಒಬ್ಬ ಅನುಭವಿ ವೈದ್ಯರೂ ಒಬ್ಬ ಸಸ್ಯವಿಜ್ಞಾನದ ಪದವೀಧರನೂ ಕೂತು, ಚರ್ಚಿಸಿ, ಒಮ್ಮತದ ತೀರ್ಮಾನಕ್ಕೆ ಬಂದೆವು: ಮೊಸರು ಸರಿ ಇಲ್ಲ. ಮುಂದಿನ ವಾರ ಬೇರೆ ಅಂಗಡಿಯ ಮೊಸರು. ಅದರ ಮುಂದಿನ ವಾರ ಕಾಯಿತುರಿ ಬದಲಿಸಿದೆವು. ಆಮೇಲೆ ಮಿಕ್ಸಿಯನ್ನು ಅನುಮಾನಿಸಿದೆವು. ಒಮ್ಮೆ ಗೌಡರು “ನಿಂಗೆ ಒಗ್ಗರಣೆ ಹಾಕಕ್ಕೆ ಬರಲ್ಲ” ಎಂದೂ ಹೇಳಿದರು. ಸೊಪ್ಪಿನ ಮೇಲೆ ಮಾತ್ರ ಇಬ್ಬರೂ ಬೆರಳು ತೋರಿಸಲಿಲ್ಲ. ತಾಯ್ನಾಡಿನ ನೆನಪನ್ನು ಯಾರು ಅನುಮಾನಿಸುತ್ತಾರೆ?

ಹೊಟ್ಟೆ ಹೀಗೆ ಗಲಾಟೆ ಮಾಡಿದ್ದರಿಂದ ತಿನ್ನುವುದು ಸ್ವಲ್ಪವಾಯಿತು, ಕೊಯ್ಯುವುದು ಹೆಚ್ಚಾಯಿತು. ಗೌಡರ ಆಸೆ ದೊಡ್ಡದು. “ಹೆಂಡ್ತಿ ಬಂದಾಗ ತೋರಿಸ್ಬೇಕು. ನೀ ತಂದು ಹಾಕು, ನಾ ಒಣಗ್ಸಿ ಇಡ್ತೀನಿ” ಎಂದು, ಚಳಿಗಾಲಕ್ಕೆ ಹೀಟರಿದ್ದ ಕೋಣೆಯಲ್ಲಿ ಹಾಸಿಗೆ ಬಟ್ಟೆ ಹರಡಿ, ಅದರ ಮೇಲೆ ಸೊಪ್ಪು ಹರವಿ, ಒಣಗಿದ್ದನ್ನು ದಿಂಬಿನ ಚೀಲಗಳಲ್ಲಿ ತುಂಬಿದರು. ನಾನು ಬುಡ ಕೀಳುತ್ತಿರಲಿಲ್ಲ, ಆಯಿ ಕಲಿಸಿದ ಹಾಗೆ ಎಲೆ ಕುಡಿಗಳನ್ನಷ್ಟೇ ಚಿವುಟುತ್ತಿದ್ದೆ. ವಾರದೊಳಗೆ ಮತ್ತೆ ಚಿಗುರಿರುತ್ತಿತ್ತು.

ಮೊಲ

ಜೂನ್ ಹೊತ್ತಿಗೆ ಅಜ್ಜ ಚಹಾ ಕುಡಿಯುವುದನ್ನೇ ಮರೆಯತೊಡಗಿದ. ಹಿತ್ತಲಿಗೆ ಮೊಲ ಬರುತ್ತಿದೆ, ಗಿಡ ತಿನ್ನುತ್ತಿದೆ ಅಂದ. ಹುಲ್ಲಿನಿಂದ ಹಿಡಿದು ಶೆಡ್ಡಿನ ಹಿಂದಿನ ತನಕ ಇಡೀ ಹಿತ್ತಲಿಗೆ ಬಲೆ ಹಾಸಿ, ಅಂಚಿಗೆ ಕಲ್ಲು ಹೇರಿದ.

ನನ್ನ ಹುಲ್ಲಿಗೆ ಮೊಲ ಬಾಯಿ ಹಾಕಿದ್ದು ನನಗೆ ಕಾಣಲಿಲ್ಲ. ಆದರೂ ಬಲೆ ಒಳ್ಳೆಯದೇ. ಶನಿವಾರ ಸೊಪ್ಪಿಗೆ ಹೋದಾಗ ಬಲೆಯನ್ನು ನಾಜೂಕಾಗಿ ಎತ್ತಿ, ಚಿವುಟಿಕೊಂಡು, ಮತ್ತೆ ಮುಚ್ಚಿ, ಕಲ್ಲನ್ನು ಮೊದಲಿನ ಜಾಗದಲ್ಲೇ ಇಟ್ಟು ಬರುತ್ತಿದ್ದೆ. ಇನ್ನೊಬ್ಬರ ಮನೆಯಲ್ಲಿ ಇರುವಾಗ ಇಷ್ಟಾದರೂ ಸಂಸ್ಕಾರ ಬೇಡವೇ?

“ಇಂಥ ಮೊಲ ನಾ ನೋಡ್ಲಿಲ್ಲ ಮಾರಾಯಾ” ಅಂದ ಅಜ್ಜ. “ಬಲೆ ಎತ್ತುತ್ತೆ, ತಿನ್ನುತ್ತೆ, ಮತ್ತೆ ಮುಚ್ಚಿ ಹೋಗುತ್ತೆ.”

“ನಮ್ಮೂರಲ್ಲಿ ಮಂಗ ಇಂಥದ್ದೆಲ್ಲ ಮಾಡ್ತದೆ.”

“ಇಲ್ಲಿ ಮಂಗ ಇಲ್ಲ.”

ಇತ್ತು. ಆದರೆ ಆಗ ಅದು ಅವನಿಗೂ ಗೊತ್ತಿರಲಿಲ್ಲ, ಮಂಗಕ್ಕೂ ಗೊತ್ತಿರಲಿಲ್ಲ.

ಅಜ್ಜನ ಮುಖ ನೋಡಲಾರದೆ ನಾನೇ ಒಂದು ಉಪಾಯ ಮಾಡಿದೆ. ಹೊಸನಗರದ ದೊಡ್ಡಪ್ಪನ ಗದ್ದೆಯಲ್ಲಿ ಹಂದಿಗೆ ನಿಲ್ಲಿಸುವಂಥ ಒಂದು ಬೆದರುಬೊಂಬೆ. ಎರಡು ಕೋಲು, ಹುಲ್ಲು ತುಂಬಿದ ಚೀಲದ ತಲೆ. ಅದಕ್ಕೆ ನನ್ನದೇ ಹಸಿರು ಸ್ವೆಟರು, ನನ್ನದೇ ಮಂಕಿಟೋಪಿ. ದೊಡ್ಡಮ್ಮ ಹೆಣೆದ ಸ್ವೆಟರು ನನ್ನ ಅಳತೆಗಿಂತ ಈ ಬೊಂಬೆಗೇ ಸರಿಯಾಗಿ ಹೊಂದಿತು. ಶೆಡ್ಡಿನ ಹಿಂದೆ ನಿಲ್ಲಿಸಿದೆವು. ಅಜ್ಜ ದೂರದಿಂದ ನೋಡಿ, “ಥೇಟ್ ನಿನ್ನ ಹಾಗೇ ಇದೆ. ಮೊಲ ಹೆದರುತ್ತೆ” ಅಂದ.

ಮುಂದಿನ ಶನಿವಾರ ಕಾಲು ಇನ್ನೂ ನೋಯುತ್ತಿತ್ತು. ಬೊಂಬೆಯ ಭುಜಕ್ಕೆ ಒರಗಿಕೊಂಡು ಸೊಪ್ಪು ಚಿವುಟಿದೆ. ಬಹಳ ಅನುಕೂಲವಾಯಿತು.

ಒಮ್ಮೆ ಅಜ್ಜನನ್ನು ಕೇಳಿದ್ದೂ ಉಂಟು, ಶೆಡ್ಡಿನ ಹಿಂದೆ ಮೊದಲು ಏನಿತ್ತು ಅಂತ. ಅವನು ಕಿಟಕಿ ಕಡೆ ತಿರುಗಿ “ನಾಳೆ ಬಿಸಿಲು ಬರಬಹುದು” ಅಂದ. ಆ ದೇಶದಲ್ಲಿ ನೋಯುವ ಜಾಗ ಮುಟ್ಟಿದರೆ ಜನ ಹವಾಮಾನ ಮಾತಾಡುತ್ತಾರೆ. ಅವನ ಲೀಕಿನ ಸಾಲು ಇದ್ದದ್ದು ಅಲ್ಲೇ ಎಂದು ನನಗೆ ಹೊಳೆಯಲಿಲ್ಲ.

ಕೊಯ್ಲು

ಆಗಸ್ಟ್ ಕೊನೆಗೆ ಹೆಲೆನ್ ಮೇಡಂ ಬಂದರು. ಜೊತೆಗೆ ಕೌನ್ಸಿಲಿನವನು, ಟೈ ಕಟ್ಟಿ, ಬೂಟಿಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು. ನನ್ನ ಹುಲ್ಲು ಪಾಸಾಯಿತು. ಶಿಲೀಂಧ್ರ ಇದ್ದ ಮಡಿ ಹಸಿರು, ಇಲ್ಲದ ಮಡಿ ಬೋಳು. ನಾನು ಎದೆ ಉಬ್ಬಿಸಿ ನಿಂತೆ.

“ಇದು ವಿಷವನ್ನು ಅಲ್ಲೇ ಹಿಡಿದಿಡುತ್ತದೆ ಅಷ್ಟೇ” ಎಂದರು ಮೇಡಂ. “ಹೊರಗೆ ತೆಗೆಯುವ ಗಿಡ ಹಿಂದಿದೆ. ಬನ್ನಿ.” ಬಲೆ ಸರಿಸಿ, ಕತ್ತರಿ ಹಿಡಿದು, ನನ್ನ ಒಂದೆಲಗದ ಮುಂದೆ ಮೊಣಕಾಲೂರಿ ಕೂತರು.

ನನ್ನ ಎದೆ ಇಳಿಯಿತು.

ಅದು ಪೆನಿಕ್ರೆಸ್ ಎಂಬ ಗಿಡವಂತೆ. ಮಣ್ಣಿನ ಸತುವನ್ನೂ ಕ್ಯಾಡ್ಮಿಯಂ ಎಂಬ ಇನ್ನೊಂದು ವಿಷಲೋಹವನ್ನೂ ಬೇರಿನಿಂದ ಹೀರಿ ಎಲೆಯಲ್ಲಿ ಕೂಡಿಡುತ್ತದಂತೆ. ಎಲೆ ಕೊಯ್ದು ಒಯ್ದರೆ ಅಷ್ಟು ಲೋಹ ಹಿತ್ತಲಿನಿಂದ ಹೊರಗೆ ಹೋದಂತೆ. ಮೇಡಂ ಹಿಂದಿನ ವರ್ಷವೇ ನೆಟ್ಟು, ಈ ದಿನಕ್ಕಾಗಿ ಕಾದಿದ್ದರು. ಈಗ ಗಿಡಕ್ಕೆ ಗಿಡವೇ ಬೋಳು. ಕೊಯ್ದದ್ದೆಲ್ಲ ತಕ್ಕಡಿಯ ತಟ್ಟೆಯಲ್ಲಿ ಒಂದು ಮೂಲೆಗೆ ಕೂತಿತು.

“ಮೊಲ” ಅಂದ ಅಜ್ಜ ಸಣ್ಣ ದನಿಯಲ್ಲಿ.

“ಇದನ್ನು ತಿಂದ ಮೊಲ ಇಷ್ಟು ಹೊತ್ತಿಗೆ ಸತ್ತಿರಬೇಕು” ಅಂದರು ಮೇಡಂ.

ಮೊಸರು, ಕಾಯಿತುರಿ, ಮಿಕ್ಸಿ, ಒಗ್ಗರಣೆ, ಇವರೆಲ್ಲರಿಗೂ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಕೌನ್ಸಿಲಿನವನು ಒಳ್ಳೆಯ ದನಿಯಲ್ಲೇ ಹೇಳಿದ. “ಇಷ್ಟೇ ಇಷ್ಟು ಎಲೆ ಇಟ್ಟುಕೊಂಡು ನಾನು ಏನು ಹೇಳಲಿ, ಪ್ಯೂ? ಸಿಮೆಂಟ್ ಕೆಲಸ ಬೇಗ ಮುಗಿಯುತ್ತದೆ. ನಿಮಗೆ ತೊಂದರೆ ಆಗದ ಹಾಗೆ ಮಾಡಿಸುತ್ತೇನೆ.”

ಅಜ್ಜ ತಲೆಯಾಡಿಸಿದ. ಜಗಳ ಮಾಡಲಿಲ್ಲ. ನಮ್ಮಲ್ಲಾದರೆ ಇಷ್ಟು ಹೊತ್ತಿಗೆ ಕೇರಿಯೆಲ್ಲ ಸೇರಿ, ಕೌನ್ಸಿಲಿನವನ ಟೈ ಯಾರದೋ ಕೈಯಲ್ಲಿರುತ್ತಿತ್ತು. ಇವನು ಬರೀ ಆ ಪಟ್ಟಿಯನ್ನು ನೋಡುತ್ತ ನಿಂತ. ಆಮೇಲೆ ಮೋಡ ನೋಡಿ “ಸಂಜೆಗೆ ಮಳೆ ಬರುತ್ತೇನೋ” ಅಂದ.

ಅದನ್ನು ಕೇಳಿ ತಡೆಯಲಾಗಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಅವಕಾಶ ಉಳಿಯುತ್ತಿತ್ತು. ಬಾಯಿ ಬಿಟ್ಟರೆ ಮರುದಿನದ ವಿಮಾನಕ್ಕೆ ಹತ್ತಿಸುತ್ತಾರೆ, ಸಾಗರದಲ್ಲಿ ಸೋದರಮಾವ ಮತ್ತೆ ಬೆನ್ನು ಸವರುತ್ತಾನೆ. ಇದನ್ನೆಲ್ಲ ಯೋಚಿಸುವಷ್ಟರಲ್ಲಿ ನನ್ನ ಬಾಯಿ, ಯಾವತ್ತಿನ ಹಾಗೆ, ನನ್ನನ್ನು ಕೇಳದೆ ತೆರೆದುಕೊಂಡಿತು.

“ಮೊಲ ಸತ್ತಿಲ್ಲ. ಆ ಮೊಲ ನಾನೇ.”

ಅಜ್ಜ ನನ್ನನ್ನು ನೋಡಿದ, ಬೊಂಬೆಯನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ಬೊಂಬೆಯ ತಲೆಯ ಮೇಲಿದ್ದದ್ದು ನನ್ನದೇ ಟೋಪಿ.

“ಬಲೆ ಮುಚ್ಚಿ ಇಡ್ತಿದ್ದದ್ದು?”

“ನಾನೇ.”

“ಕಲ್ಲು?”

“ಅದೂ ನಾನೇ.”

“ತಿಂದದ್ದು?” ಇದು ಮೇಡಂ. ಅವರ ಮುಖ ಬಿಳಿಚಿತ್ತು. “ಎಷ್ಟು ತಿಂದೆ? ಯಾವಾಗ? ಹೇಗೆ?”

“ಮೊಸರಿನ ಜೊತೆ” ಎಂದೆ. “ತಿಂದದ್ದು ಸ್ವಲ್ಪ, ವಾಂತಿಯೇ ಹೆಚ್ಚು. ಉಳಿದದ್ದು ಗೌಡರ ಮನೆಯಲ್ಲಿದೆ. ದಿಂಬಿನಲ್ಲಿ.”

ಮೇಡಂ ನಿಧಾನಕ್ಕೆ ಎದ್ದುನಿಂತರು. “ದಿಂಬಿನಲ್ಲಿ” ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಕಾರಿನ ಕ್ಷೇಮವನ್ನಾಗಲೀ ನನ್ನ ಕಾಲಿನ ಕ್ಷೇಮವನ್ನಾಗಲೀ ನೋಡದೆ ನನ್ನನ್ನು ಹಿಂದಿನ ಸೀಟಿಗೆ ನೂಕಿದರು. ಅಜ್ಜನೂ ಹತ್ತಿದ. ಕೌನ್ಸಿಲಿನವನಿಗೆ ಕುತೂಹಲ, ಬೂಟಿನ ಪ್ಲಾಸ್ಟಿಕ್ ಚೀಲ ಸಮೇತ ಅವನೂ ಹತ್ತಿದ.

ಗೌಡರು ಲುಂಗಿಯಲ್ಲಿ ಬಾಗಿಲು ತೆಗೆದರು. ಮೇಡಂ ವಿಷಯ ಹೇಳಿದರು. ಗೌಡರು ನನ್ನ ಕಡೆ ತಿರುಗಿ, ಅಲ್ಲಿ ಯಾರಿಗೂ ಅರ್ಥವಾಗದ ಭಾಷೆಯಲ್ಲಿ, ಇಲ್ಲಿ ಯಾರಿಗೂ ಹೇಳಲಾಗದ ಮಾತುಗಳಲ್ಲಿ ನನ್ನ ವಂಶವನ್ನು ಸ್ಮರಿಸಿದರು. ಆಮೇಲೆ ದಿಂಬುಗಳನ್ನು ತಂದರು. ಒಂದು, ಎರಡು, ಮೂರು, ಬರುತ್ತಲೇ ಇದ್ದವು. ಅಜ್ಜ ಒಂದನ್ನು ತೊಡೆಯ ಮೇಲೆ ಇಟ್ಟುಕೊಂಡು, ಒತ್ತಿ, ಗರಗರ ಸದ್ದು ಕೇಳಿ, ಮೊದಲ ಬಾರಿಗೆ ಬಾಯಿಬಿಟ್ಟು ನಕ್ಕ.

ಬಾಟಲಿಗಳು

ಸೊಪ್ಪು ಪ್ರಯೋಗಶಾಲೆಗೆ ಹೋಯಿತು. ನಾವು ಆಸ್ಪತ್ರೆಗೆ ಹೋದೆವು. ರಕ್ತ ತೆಗೆದರು, ಜೀವಕ್ಕೇನೂ ಅಪಾಯವಿಲ್ಲ ಅಂದರು. ಅಷ್ಟಕ್ಕೆ ಬಿಡುವವರೇ ಹೆಲೆನ್ ಮೇಡಂ? ಎಲೆಯಿಂದ ಹೊರಟ ಲೋಹ ಎಲ್ಲಿಗೆ ಹೋಯಿತೆಂದು ಲೆಕ್ಕ ಸಿಗಬೇಕಲ್ಲ, ಬಾಟಲಿಗಳನ್ನು ಕೊಟ್ಟರು. ಬಾಟಲಿ ಯಾತಕ್ಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

“ಹುಲ್ಲು ಕೊಯ್ದಿದ್ದು ನೀನು, ಬಾಟ್ಲಿ ತುಂಬ್ಸೋದು ನಾನಾ?” ಅಂದರು ಗೌಡರು. “ಈ ಆಸ್ಪತ್ರೆಲಿ ನಂಗೊಂದು ಮರ್ಯಾದೆ ಇತ್ತು ಕಣೋ ಭಟ್ಟ. ನರ್ಸು ನನ್ ಹೆಸ್ರು ಬರ್ದು ಬಾಟ್ಲಿ ಮೇಲೆ ಅಂಟಿಸ್ತಾಳೆ.”

“ನೀವೂ ವಿಜ್ಞಾನಕ್ಕೆ ಕೊಡುಗೆ ಕೊಟ್ಟ ಹಾಗಾಯ್ತು ಗೌಡ್ರೇ.”

“ಹೆಬ್ಬೆರಳು ತೋರ್ಸು ಇಲ್ಲಿ.”

ಫಲಿತಾಂಶ ಬಂದಾಗ ಮೇಡಂ ಕೌನ್ಸಿಲಿನವನನ್ನು ಅಜ್ಜನ ಅಡುಗೆಮನೆಗೇ ಕರೆಸಿದರು. ಒಂದೇ ಸಲ ಬುಡಕ್ಕೆ ಕೊಯ್ದಿದ್ದರೆ ಬರುತ್ತಿದ್ದದ್ದಕ್ಕಿಂತ ದಿಂಬಿನಲ್ಲಿದ್ದದ್ದು ಹೆಚ್ಚಾಗಿತ್ತು. ಚಿವುಟಿದಷ್ಟೂ ಗಿಡ ಚಿಗುರಿತ್ತು, ಚಿಗುರಿದಷ್ಟೂ ಮತ್ತೆ ಹೀರಿತ್ತು. “ಬರುವ ವರ್ಷದಿಂದ ನಾವೂ ಚಿವುಟುತ್ತೇವೆ” ಎಂದರು. “ತಿನ್ನುವುದಿಲ್ಲ” ಎಂದು ನನ್ನ ಕಡೆ ನೋಡಿ ಸೇರಿಸಿದರು.

ಕೌನ್ಸಿಲಿನವನು ಹೊಟ್ಟೆ ಹಿಡಿದುಕೊಂಡು ನಕ್ಕು, ಸಿಮೆಂಟನ್ನು ಮುಂದಕ್ಕೆ ಹಾಕಿದ. ರದ್ದು ಮಾಡಲಿಲ್ಲ, ಮುಂದಕ್ಕೆ ಹಾಕಿದ. ಎಲ್ಲ ದೇಶದ ಪುರಸಭೆಯೂ ಒಂದೇ ಎಂದು ನನಗೆ ಬಹಳ ಸಮಾಧಾನವಾಯಿತು.

ಎಲ್ಲರೂ ಹೋದ ಮೇಲೆ ನಾನು ಕೇಳಿದೆ, “ಅಜ್ಜಾ, ಮಣ್ಣು ಪೂರ್ತಿ ಶುದ್ಧ ಆಗೋಕೆ ಎಷ್ಟು ವರ್ಷ ಬೇಕಂತೆ?”

“ನನ್ನ ಜೀವಮಾನದಲ್ಲಿ ಇಲ್ಲ. ಹೆಲೆನ್ ಮೊದಲೇ ಹೇಳಿದ್ದಾಳೆ.”

“ಮತ್ತೆ ಇಷ್ಟೆಲ್ಲ ಯಾಕೆ?”

“ಮಣ್ಣು ಇದ್ರೆ ಕಾಯ್ತಾ ಇರಬಹುದು ಮಾರಾಯಾ. ಸಿಮೆಂಟಿನ ಮುಂದೆ ಕೂತು ಏನು ಕಾಯೋದು?”

ಹೊರಡುವ ದಿನ ಅಜ್ಜ ನನ್ನ ಅಂಗಿಯ ಕಿಸೆಗೆ ಒಂದು ಸಣ್ಣ ಪೊಟ್ಟಣ ಹಾಕಿದ. ಕರೀ ಕರೀ ಬೀಜ, ನಮ್ಮ ಈರುಳ್ಳಿ ಬೀಜದ ಹಾಗೆ. “ತೊಟ್ಟಿಲಿ ಎಷ್ಟು ದಿನ ಬೆಳೀತದೆ? ಎಲ್ಲಾದ್ರೂ ಶುದ್ಧ ಮಣ್ಣಲ್ಲಿ ಹಾಕು. ನಿಮ್ಮೂರಲ್ಲಿ ಗಣಿ ಇಲ್ಲ ಅಂದಿದ್ದೆಯಲ್ಲ.”

“ನಮ್ಮೂರ ಮಣ್ಣು ಚಿನ್ನ ಅಜ್ಜಾ” ಅಂದೆ.

ಸ್ವೆಟರು ಬೊಂಬೆಯ ಮೈಮೇಲೇ ಇರಲಿ ಅಂದ. ಬಿಟ್ಟು ಬಂದೆ.

ಮತ್ತೆ ಸಾಗರ

ಬಂದ ಮೂರನೆಯ ದಿನ ಪೊಟ್ಟಣ ಹಿಡಿದು ಜಾಗ ಹುಡುಕಿದೆ. ಹುಡುಕುವುದೇನು, ಗೊತ್ತೇ ಇತ್ತಲ್ಲ. ಬಚ್ಚಲ ಹಿಂದೆ. ನೀರಿಗೆ ಕೊರತೆಯಿಲ್ಲ. ಗುದ್ದಲಿ ಎತ್ತಿದವನು ಕೆಳಗೆ ಇಳಿಸಿದೆ.

ಬಚ್ಚಲ ಹಿಂದಿನ ಕಲ್ಲುಚಪ್ಪಡಿಗಳು ನೀಲಿಹಸಿರು. ನಾನು ಹುಟ್ಟಿದಾಗಿನಿಂದ ನೋಡಿದ ನೀಲಿಹಸಿರು. ಕೊಳೆರೋಗಕ್ಕೆ ಅಡಿಕೆಯ ಗೊನೆಗಳಿಗೆ ಹೊಡೆಯುವ ಔಷಧಿ ಎಂದರೆ ಮೈಲುತುತ್ತ ಮತ್ತು ಸುಣ್ಣ, ತುತ್ತವೆಂದರೆ ತಾಮ್ರ. ಪ್ರತಿ ಮಳೆಗಾಲವೂ ಅಪ್ಪಯ್ಯ ಔಷಧಿ ಕಲಸಿದ ಪೀಪಾಯಿಯನ್ನೂ ಪಂಪನ್ನೂ ತಂದು ತೊಳೆಯುವುದು ಈ ಕಲ್ಲಿನ ಮೇಲೆ. ಅವನ ಅಪ್ಪ ತೊಳೆದದ್ದೂ ಇಲ್ಲೇ. ಆ ನೀರು ಇಳಿಯುವುದು ಒಂದೆಲಗದ ಬುಡಕ್ಕೆ.

ಒಳಗಿನಿಂದ ಆಯಿ ಕೂಗಿದಳು. “ತಮಾ, ಬರಕಾದ್ರೆ ಒಂದು ಹಿಡಿ ಸೊಪ್ಪು ಚಿವುಟ್ಕ ಬಾ. ನೀ ಊರಿಗೆ ಬಂದೆ ಹೇಳಿ ಆನು ತಂಬುಳಿ ಮಾಡ್ತಿ.”

ನಾನು ಬರಿಗೈಯಲ್ಲಿ ಹೋಗಿ, ಅಡುಗೆಮನೆಯ ಬಾಗಿಲಲ್ಲಿ ಕೂತು, ವೇಲ್ಸಿನ ಕಥೆಯನ್ನೆಲ್ಲ ಹೇಳಿದೆ. ಮೊಲ, ದಿಂಬು, ಬಾಟಲಿ ಏನೂ ಬಿಡಲಿಲ್ಲ. ಆಯಿ ಬಾಟಲಿಗೆ ನಕ್ಕಳು, ಗೌಡರಿಗೆ ಮರುಗಿದಳು. ನಾನು ಕಲ್ಲಿನ ನೀಲಿಯ ಮಾತಿಗೆ ಬಂದಾಗ ಎದ್ದು ಹೋಗಿ ಬಚ್ಚಲ ಹಿಂದೆ ನಿಂತು ಬಹಳ ಹೊತ್ತು ನೋಡಿದಳು.

“ಇಷ್ಟು ವರ್ಷ ತಿಂದ್ಯ, ನಂಗಕ್ಕೆ ಎಂತೂ ಆಯ್ದಿಲ್ಲೆ” ಅಂದಳು.

“ಆಗಿರದೇ ಇರಬಹುದು. ಎಷ್ಟಿದೆ ಅಂತ ನೋಡಿಸ್ತೇನೆ. ಅಲ್ಲಿವರೆಗೆ ಬೇಡ. ಈ ಬೀಜಕ್ಕೆ ಮಾತ್ರ ತುತ್ತ ಬೀಳದ ಮಣ್ಣು ಬೇಕು ಆಯಿ. ಮುದುಕನಿಗೆ ಮಾತು ಕೊಟ್ಟು ಬಂದಿದ್ದೇನೆ.”

“ಎಂತ ಬೀಜ ಅದು?”

“ಈರುಳ್ಳಿ ಜಾತಿಯದು.”

ನಮ್ಮ ಅಡುಗೆಮನೆಗೆ ಈರುಳ್ಳಿ ಇವತ್ತಿನವರೆಗೂ ಬಂದಿಲ್ಲ. ಆಯಿ ಮುಖ ಸಿಂಡರಿಸಿಕೊಂಡು ಮನೆಯ ಸುತ್ತ ಒಂದು ಸುತ್ತು ಬಂದಳು, ಹಿಂದೆ ನಾನು. ತೋಟ ಆಗದು, ಅಲ್ಲಿ ಮರಮರಕ್ಕೂ ತುತ್ತ. ತೋಟದ ಅಂಚೂ ಆಗದು. ಕೊಟ್ಟಿಗೆಯ ಬದಿ ಪಂಪು ಇಡುವ ಜಾಗ. ಕೊನೆಗೆ ಇಬ್ಬರೂ ಅಂಗಳದಲ್ಲಿ ನಿಂತೆವು. ಅಲ್ಲಿ ಉಳಿದದ್ದು ತುಳಸಿ ಕಟ್ಟೆ ಒಂದೇ. ಅದರ ಮಣ್ಣು ಬೆಟ್ಟದಿಂದ ಹೊತ್ತು ತಂದದ್ದು. ಅಲ್ಲಿಗೆ ಬಾವಿಯ ನೀರು ಬಿಟ್ಟರೆ ಬೇರೆ ನೀರು ಬಿದ್ದದ್ದಿಲ್ಲ.

ನಾನು ಕಟ್ಟೆಯನ್ನು ನೋಡಿದೆ. ಆಯಿ ನನ್ನನ್ನು ನೋಡಿದಳು.

“ನೋಡಡ ಆ ಕಡೆ” ಅಂದಳು. “ಹುಚ್ಚನ ಹಾಂಗೆ ಮಾತಾಡಡ.”

ನಾನು ಮಾತೇ ಆಡಿರಲಿಲ್ಲ. ಪೊಟ್ಟಣವನ್ನು ಕಟ್ಟೆಯ ಅಂಚಿನಲ್ಲಿಟ್ಟು ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಹಲ್ಲುಜ್ಜಲು ಹೊರಗೆ ಬಂದರೆ ಪೊಟ್ಟಣ ಖಾಲಿ. ಕಟ್ಟೆಯಲ್ಲಿ ತುಳಸಿ ತನ್ನ ಜಾಗದಲ್ಲೇ ಇತ್ತು. ಹಿಂದಿನ ಬದಿಯಲ್ಲಿ, ಬಾಗಿಲಿನಿಂದ ನೋಡಿದರೆ ಕಾಣದ ಕಡೆ, ಅಂಗೈ ಅಗಲ ಮಣ್ಣು ಕೆದರಿ ಸಮಮಾಡಿ ನೀರು ಚಿಮುಕಿಸಿತ್ತು. ಅದರ ಸುತ್ತ ಒಂದು ಗೆರೆ ರಂಗೋಲಿ, ಆ ಕಡೆಯದು ಈ ಕಡೆಗೆ ಮುಟ್ಟಕೂಡದೆಂಬ ಹಾಗೆ.

ಆಯಿ ಚೆಂಬು ಹಿಡಿದು ಪ್ರದಕ್ಷಿಣೆ ಹಾಕುತ್ತಿದ್ದಳು. ಆ ಬದಿಗೆ ಬಂದಾಗ ನಿಲ್ಲದೆ, ನನ್ನ ಕಡೆ ನೋಡದೆ ಹೇಳಿದಳು:

“ಅಪ್ಪಯ್ಯ ಕೇಳಿದ್ರೆ ಹುಲ್ಲು ಹೇಳು. ಹುಲ್ಲು ಬೆಳೆಸಲೇ ಅಲ್ದಾ ನೀ ಹೋಗಿದ್ದು?”